ಮಗಳನ್ನು ಸೈಕಲ್ ಮೇಲೆ ಶಾಲೆಗೆ ಕಳಿಸಬಹುದೇ? ದಾವಣಗೆರೆ ರಸ್ತೆಗಳ ಲೆಕ್ಕ

ಪ್ರಶ್ನೆ: ನಮ್ಮ ಮನೆ ದಾವಣಗೆರೆಯ ನಿಟುವಳ್ಳಿ ಕಡೆ. ಮಗಳಿಗೆ ಈಗ ಹದಿನಾಲ್ಕು, ಒಂಬತ್ತನೇ ಕ್ಲಾಸು. ಶಾಲೆ ಎಂ.ಸಿ.ಸಿ. ‘ಬಿ’ ಬ್ಲಾಕ್ ಕಡೆ, ಮೂರು ಕಿಲೋಮೀಟರ್ ಒಳಗೇ ಇದೆ. ಇಷ್ಟು ದಿನ ಆಟೋದಲ್ಲಿ ಹೋಗುತ್ತಿದ್ದಳು, ಈಗ ಸೈಕಲ್ಲೇ ಬೇಕು ಅಂತ ಹಟ ಹಿಡಿದಿದ್ದಾಳೆ. ಹದಡಿ ರಸ್ತೆಯ ಬಸ್ಸು, ಟ್ರ್ಯಾಕ್ಟರ್ ನೋಡಿದರೆ ನನಗೆ ಎದೆ ಡವಡವ ಅನ್ನುತ್ತದೆ. ನಮ್ಮನೆಯವರು ‘ಇನ್ನೊಂದು ವರ್ಷ ತಡಿ, ಸ್ಕೂಟಿ ಕೊಡಿಸಿದರಾಯ್ತು’ ಅನ್ನುತ್ತಾರೆ. ನಾನೂ ಕಾರು ಓಡಿಸುತ್ತೇನೆ. ಮುಂದೆ ಸೈಕಲ್ ಸಿಕ್ಕರೆ ಹಾರ್ನ್ ಹೊಡೆಯಬೇಕೋ, ಹಿಂದೆ ಕಾಯಬೇಕೋ ತಿಳಿಯುವುದಿಲ್ಲ. ಸೈಕಲ್ಲು, ಮೋಟಾರು ಗಾಡಿ ಒಂದೇ ರಸ್ತೆಯಲ್ಲಿ ಅಪಾಯವಿಲ್ಲದೆ ಓಡಾಡಲು ಸಾಧ್ಯವೇ?

ಉತ್ತರ: ಸಾಧ್ಯ. ಆದರೆ ಎಲ್ಲ ರಸ್ತೆಯಲ್ಲೂ ಅಲ್ಲ. ಯಾವ ರಸ್ತೆಯಲ್ಲಿ ಸಾಧ್ಯ ಅನ್ನುವುದನ್ನು ಗಾಡಿಗಳ ಸಂಖ್ಯೆ ನೋಡಿ ತೀರ್ಮಾನಿಸಬೇಡಿ, ವೇಗ ನೋಡಿ ತೀರ್ಮಾನಿಸಿ. ಹೆಚ್ಚಿನ ತಂದೆತಾಯಿ ಎಡವುವುದು ಇಲ್ಲೇ. ಚೌಕಿಪೇಟೆ, ಮಂಡಿಪೇಟೆಯ ಗದ್ದಲ ನೋಡಿ ಹೆದರುತ್ತಾರೆ, ಅಗಲವಾದ ಖಾಲಿ ಕಾಂಕ್ರೀಟ್ ರಸ್ತೆ ಕಂಡರೆ ನಿರಾಳವಾಗುತ್ತಾರೆ. ಮಂಡಿಪೇಟೆಯಲ್ಲಿ ಯಾವ ಗಾಡಿಯೂ ಸೈಕಲ್ಲಿಗಿಂತ ಬಹಳ ಜೋರಾಗಿ ಹೋಗಲಾರದು. ಅಲ್ಲಿ ತಗುಲಿದರೆ ಮೊಣಕೈ ತರಚೀತು. ಖಾಲಿ ರಸ್ತೆಯಲ್ಲಿ 60ರ ವೇಗದ ಕಾರು ತಗುಲಿದರೆ ಜೀವಕ್ಕೇ ಕುತ್ತು.

ಲೆಕ್ಕ ಹೀಗಿದೆ. ಚಾಲಕನ ಕಣ್ಣಿಗೆ ಅಪಾಯ ಬಿದ್ದು ಕಾಲು ಬ್ರೇಕ್ ಒತ್ತುವುದಕ್ಕೆ ಏನಿಲ್ಲವೆಂದರೂ ಒಂದು ಸೆಕೆಂಡ್ ಬೇಕು. ಗಂಟೆಗೆ 30 ಕಿ.ಮೀ. ವೇಗದ ಕಾರು ಆ ಒಂದು ಸೆಕೆಂಡಿನಲ್ಲಿ 8 ಮೀಟರ್ ಮುಂದೆ ಬಂದಿರುತ್ತದೆ. ಒಣ ರಸ್ತೆ, ಒಳ್ಳೆಯ ಬ್ರೇಕ್ ಇದ್ದರೆ ಇನ್ನು 5 ಮೀಟರಿಗೆ ನಿಲ್ಲುತ್ತದೆ. ಒಟ್ಟು 13 ಮೀಟರ್. ಅದೇ ಕಾರು 50ರಲ್ಲಿ ಬಂದರೆ ಮೊದಲ ಸೆಕೆಂಡಿಗೇ ಸುಮಾರು 14 ಮೀಟರ್ ದಾಟಿರುತ್ತದೆ, ಪೂರ್ತಿ ನಿಲ್ಲಲು 28 ಮೀಟರ್ ಬೇಕು. ಅಂದರೆ 30ರ ಕಾರು ನಿಂತುಬಿಟ್ಟ ಜಾಗದಲ್ಲಿ 50ರ ಕಾರು ಇನ್ನೂ ಬ್ರೇಕನ್ನೇ ಒತ್ತಿರುವುದಿಲ್ಲ, ಪೂರಾ ವೇಗದಲ್ಲೇ ಇರುತ್ತದೆ. 60ಕ್ಕೆ ಹೋದರೆ ನಿಲ್ಲುವ ದೂರ 36 ಮೀಟರ್ ದಾಟುತ್ತದೆ. ಮಳೆ ಬಿದ್ದ ರಸ್ತೆಯಲ್ಲಿ ಇನ್ನೂ ಹೆಚ್ಚು.

ಇದಕ್ಕೆ ಇನ್ನೊಂದು ಮುಖವಿದೆ. ನಿಮ್ಮ ಮಗಳು ಗಂಟೆಗೆ 15 ಕಿ.ಮೀ. ವೇಗದಲ್ಲಿ ತುಳಿಯುತ್ತಾಳೆ ಅಂದುಕೊಳ್ಳಿ. ಹಿಂದಿನಿಂದ 30ರಲ್ಲಿ ಬರುವ ಕಾರಿನ ಚಾಲಕ ಆಕೆಯನ್ನು 50 ಮೀಟರ್ ದೂರದಿಂದ ಕಂಡರೆ, ಹತ್ತಿರ ಬರುವ ಹೊತ್ತಿಗೆ 12 ಸೆಕೆಂಡ್ ಆಗಿರುತ್ತದೆ. ಎದುರಿನ ಗಾಡಿ ನೋಡಿಕೊಂಡು, ಬಲಕ್ಕೆ ಸರಿದು, ಜಾಗ ಬಿಟ್ಟು ದಾಟಲು ಅಷ್ಟು ಹೊತ್ತು ಧಾರಾಳ. ಅದೇ ಕಾರು 60ರಲ್ಲಿ ಬಂದರೆ ಸಿಗುವುದು 4 ಸೆಕೆಂಡ್. ಅದರಲ್ಲಿ ಎರಡು ಸೆಕೆಂಡ್ ಮೊಬೈಲ್ ಕಡೆ ಕಣ್ಣು ಹೋದರೆ ಉಳಿದದ್ದು ಏನೂ ಸಾಲದು. ಚಾಲಕ ಎಷ್ಟೇ ಒಳ್ಳೆಯವನಾಗಿರಲಿ, ಈ ಲೆಕ್ಕ ಬದಲಾಗುವುದಿಲ್ಲ.

ಸೈಕಲ್ಲಿಗೆ ಹೆಸರಾದ ನೆದರ್ಲ್ಯಾಂಡ್ಸ್‌ನಲ್ಲಿ ರಸ್ತೆ ಕಟ್ಟುವುದೇ ಈ ಆಧಾರದ ಮೇಲೆ. ಗಾಡಿಗಳ ವೇಗ 30ರ ಒಳಗಿರುವ ಬಡಾವಣೆ ರಸ್ತೆಗಳಲ್ಲಿ ಸೈಕಲ್ಲು, ಕಾರು ಕೂಡಿಯೇ ಓಡುತ್ತವೆ, ಬೇರೆ ದಾರಿ ಇರುವುದಿಲ್ಲ. ವೇಗ ಅದಕ್ಕಿಂತ ಹೆಚ್ಚಿರುವ ಮುಖ್ಯರಸ್ತೆಗಳಲ್ಲಿ ಸೈಕಲ್ಲಿಗೆ ಪ್ರತ್ಯೇಕ ಪಥ. 2020ರ ಫೆಬ್ರುವರಿಯಲ್ಲಿ ಸ್ಟಾಕ್‌ಹೋಮ್‌ನಲ್ಲಿ ನಡೆದ ರಸ್ತೆ ಸುರಕ್ಷತೆಯ ಜಾಗತಿಕ ಸಚಿವರ ಸಮ್ಮೇಳನದ ಘೋಷಣೆಯೂ ಪಾದಚಾರಿ, ಸೈಕಲ್ ಸವಾರರು ಗಾಡಿಗಳ ಜೊತೆ ಬೆರೆಯುವ ಕಡೆ 30 ಕಿ.ಮೀ. ಮಿತಿ ಇರಬೇಕು ಎಂದಿತು. ನಮ್ಮಲ್ಲಿ 2018ರ ಏಪ್ರಿಲ್‌ನ ಕೇಂದ್ರ ಅಧಿಸೂಚನೆ ನಗರಸಭೆ, ಪಾಲಿಕೆ ವ್ಯಾಪ್ತಿಯ ರಸ್ತೆಗಳಲ್ಲಿ ಕಾರಿಗೆ 70, ಬೈಕ್ ಮತ್ತು ಸರಕು ಗಾಡಿಗಳಿಗೆ 60 ಕಿ.ಮೀ. ಗರಿಷ್ಠ ಮಿತಿ ಇಟ್ಟಿದೆ. ಅದಕ್ಕಿಂತ ಕಡಿಮೆ ಮಿತಿ ಹಾಕುವ ಅಧಿಕಾರ ರಾಜ್ಯಕ್ಕಿದೆ. ಆದರೆ ಫಲಕ ಇಲ್ಲದ ಕಡೆ ಸವಾರರ ಪ್ರಾಣ ಚಾಲಕರ ವಿವೇಕದ ಮೇಲೆ ನಿಂತಿದೆ. ಇದು ಬದಲಾಗಬೇಕು ಎನ್ನುವುದು ನನ್ನ ಖಚಿತ ಅಭಿಪ್ರಾಯ.

ಈಗ ನಿಮ್ಮ ದಾರಿಗೆ ಬರೋಣ. ದಾವಣಗೆರೆಗೆ ಒಂದು ವರವಿದೆ, ಊರು ಬಹುತೇಕ ಸಮತಟ್ಟು. ಚಿತ್ರದುರ್ಗದ ಹಾಗೆ ಏರು ಹತ್ತಿ ಏದುಸಿರು ಬಿಡಬೇಕಿಲ್ಲ, ಮೂರು ಕಿಲೋಮೀಟರ್ ಅಂದರೆ ಹದಿನೈದು ನಿಮಿಷದ ತುಳಿತ. ಹಾಗಾಗಿ ನಾಲ್ಕೈದು ನೂರು ಮೀಟರ್ ಸುತ್ತು ಬಳಸಿದರೂ ಪರವಾಗಿಲ್ಲ, ಒಳರಸ್ತೆಗಳನ್ನೇ ಹಿಡಿಯಿರಿ. ಹದಡಿ ರಸ್ತೆಯ ಉದ್ದಕ್ಕೂ ಹೋಗುವುದು ಬೇರೆ, ಅದನ್ನು ಒಂದು ಕಡೆ ದಾಟುವುದು ಬೇರೆ. ನಿಮ್ಮ ಮಗಳು ದಾಟಿದರೆ ಸಾಕು, ಅದರ ಮೇಲೆ ಓಡಿಸುವ ಅಗತ್ಯ ಬರದ ಹಾಗೆ ದಾರಿ ಗೊತ್ತುಮಾಡಿ. ಪಿ.ಬಿ. ರಸ್ತೆ, ಶಾಮನೂರು ರಸ್ತೆಗೂ ಇದೇ ಮಾತು. ರಾಷ್ಟ್ರೀಯ ಹೆದ್ದಾರಿ 48ರ ಮುಖ್ಯ ಪಥವಂತೂ ಸೈಕಲ್ಲಿನ ಜಾಗವೇ ಅಲ್ಲ. ಬಾತಿ, ಹರಿಹರದ ಕಡೆ ಹೋಗುವವರು ಸರ್ವಿಸ್ ರಸ್ತೆಯಲ್ಲೇ ಹೋಗಬೇಕು. ಅಲ್ಲೂ ಎದುರುಗಡೆಯಿಂದ ಬೈಕು ಬರುತ್ತದೆ ಎಂದುಕೊಂಡೇ ಹೋಗಬೇಕು.

ದಾರಿ ಗೊತ್ತುಮಾಡುವ ಕೆಲಸವನ್ನು ಭಾನುವಾರ ಮಾಡಬೇಡಿ. ಶಾಲೆ ಇರುವ ದಿನ, ಮಗಳು ಹೋಗುವ ಹೊತ್ತಿಗೇ, ಮೊದಲು ನಡೆದು ನೋಡಿ. ಮುಖ್ಯರಸ್ತೆ ದಾಟುವ ಜಾಗದಲ್ಲಿ ಐದು ನಿಮಿಷ ನಿಂತುಕೊಳ್ಳಿ. ಎರಡೂ ಕಡೆ ನೂರು ಮೀಟರ್ ನೇರ ನೋಟ ಸಿಗುತ್ತದೆಯೇ, ಮರ, ಫ್ಲೆಕ್ಸು, ನಿಲ್ಲಿಸಿದ ಲಗೇಜ್ ಆಟೋ ಅಡ್ಡ ಬರುತ್ತವೆಯೇ ನೋಡಿ. ನಡುವೆ ಡಿವೈಡರ್ ತೆರವು ಇದ್ದರೆ ಅಲ್ಲಿ ಸೈಕಲ್ ಪೂರ್ತಿ ನಿಲ್ಲಲು 2 ಮೀಟರ್ ಅಗಲ ಇದೆಯೇ ಅಳೆಯಿರಿ. ಸೈಕಲ್ಲಿನ ಉದ್ದ ಸುಮಾರು 1.8 ಮೀಟರ್. ಅದಕ್ಕಿಂತ ಕಿರಿದಾದ ಡಿವೈಡರಿನಲ್ಲಿ ನಿಂತರೆ ಹಿಂದಿನ ಗಾಲಿ ರಸ್ತೆಯಲ್ಲೇ ಉಳಿಯುತ್ತದೆ. ಅಂಥ ಕಡೆ ಸಿಗ್ನಲ್ ಇರುವ ವೃತ್ತಕ್ಕೆ ಹೋಗಿ ದಾಟುವುದೇ ಸರಿ. ಮೊದಲ ತಿಂಗಳು ಅಲ್ಲಿ ಇಳಿದು ತಳ್ಳಿಕೊಂಡು ದಾಟಲಿ. ತಳ್ಳಿಕೊಂಡು ದಾಟುವುದು ನಾಚಿಕೆಯ ವಿಷಯವಲ್ಲ ಎಂದು ಮೊದಲೇ ಹೇಳಿ. ಈ ವಯಸ್ಸಿನ ಮಕ್ಕಳು ಗೆಳತಿಯರ ಎದುರು ಇಳಿಯಲು ಹಿಂಜರಿಯುತ್ತಾರೆ.

ಸವಾರಿಯ ಜಾಗದ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಹಿರಿಯರು ಮಕ್ಕಳಿಗೆ ಇಲ್ಲಿ ತಪ್ಪು ಪಾಠ ಹೇಳುತ್ತಾರೆ. ‘ಪೂರ್ತಿ ಅಂಚಿಗೆ ಹೋಗು’ ಎನ್ನುವುದು ಆ ಪಾಠ. ರಸ್ತೆಯ ತೀರಾ ಅಂಚಿನಲ್ಲಿ ಮರಳು, ಗಾಜು, ಚರಂಡಿ ಜಾಲರಿ, ಯುಜಿಡಿ (ಒಳಚರಂಡಿ) ಚೇಂಬರಿನ ಮುಚ್ಚಳ ಇರುತ್ತವೆ. ಕಾಂಕ್ರೀಟ್ ಹಾಕಿದ ರಸ್ತೆಗಳಲ್ಲಿ ಅಂಚು ಮಣ್ಣಿಗಿಂತ ನಾಲ್ಕೈದು ಇಂಚು ಎತ್ತರ. ಗಾಲಿ ಒಮ್ಮೆ ಕೆಳಗಿಳಿದರೆ, ಮತ್ತೆ ಓರೆಯಾಗಿ ಮೇಲೆ ಹತ್ತಿಸಲು ಹೋದಾಗ ಟೈರು ಅಂಚಿಗೆ ಉಜ್ಜಿಕೊಂಡು ಸವಾರ ಬಲಕ್ಕೆ, ಅಂದರೆ ಗಾಡಿಗಳ ಕಡೆಗೇ ಬೀಳುತ್ತಾನೆ. ಅದೂ ಅಲ್ಲದೆ ಸೈಕಲ್ ಅಂಚಿಗೆ ಅಂಟಿಕೊಂಡಷ್ಟೂ ಹಿಂದಿನವನಿಗೆ ‘ಇದೇ ಪಥದಲ್ಲಿ ನುಸುಳಬಹುದು’ ಅನ್ನಿಸುತ್ತದೆ. ಆದ್ದರಿಂದ ಅಂಚಿನಿಂದ ಒಂದು ಮೀಟರ್, ಮೂರಡಿ, ಒಳಗೆ ಓಡಿಸಲಿ. ಎಡಗಡೆ ಕಾರು ನಿಂತಿದ್ದರೆ ಅದರಿಂದ ಇನ್ನೂ ಸ್ವಲ್ಪ ಹೆಚ್ಚು, ಒಂದೂಕಾಲು ಮೀಟರ್ ದೂರ ಇರಲಿ. ಕಾರಿನ ಬಾಗಿಲು ತೆರೆದರೆ ಸುಮಾರು ಒಂದು ಮೀಟರ್ ಹೊರಗೆ ಬರುತ್ತದೆ. ಎರಡು ಕಾರುಗಳ ನಡುವಿನ ಖಾಲಿ ಜಾಗಕ್ಕೆ ಎಡಕ್ಕೆ ಹೊಕ್ಕು ಮತ್ತೆ ಬಲಕ್ಕೆ ಬರುವುದು ಬೇಡ. ಹಾಗೆ ಹಾವಿನಂತೆ ಓಡಿಸಿದರೆ ಹಿಂದಿನ ಚಾಲಕನಿಗೆ ಸೈಕಲ್ ಕಣ್ಮರೆಯಾಗಿ ಒಮ್ಮೆಲೇ ಎದುರಾಗುತ್ತದೆ.

ಎದುರು ದಿಕ್ಕಿನ ಸವಾರಿ ಯಾವ ಕಾರಣಕ್ಕೂ ಬೇಡ. ಗಾಡಿ ಎದುರಿಗೇ ಕಾಣುತ್ತದಲ್ಲ, ಅದು ಒಳ್ಳೆಯದಲ್ಲವೇ ಎಂದು ಕೆಲವರು ವಾದಿಸುತ್ತಾರೆ. ನಡೆಯುವವರಿಗೆ ಅದು ಸರಿ, ಸೈಕಲ್ಲಿಗೆ ಅಲ್ಲ. 40ರಲ್ಲಿ ಬರುವ ಬೈಕು 15ರ ಸೈಕಲ್ಲಿನ ಹಿಂದಿದ್ದರೆ ಇಬ್ಬರ ನಡುವಿನ ವೇಗದ ಅಂತರ 25, ಎದುರಾಗಿದ್ದರೆ 55. ಇನ್ನೊಂದು ಕಾರಣ ಇದಕ್ಕಿಂತ ದೊಡ್ಡದು. ಅಡ್ಡರಸ್ತೆಯಿಂದ ಮುಖ್ಯರಸ್ತೆಗೆ ಎಡಕ್ಕೆ ತಿರುಗುವ ಚಾಲಕ ಬಲಗಡೆ ಮಾತ್ರ ನೋಡುತ್ತಾನೆ, ಗಾಡಿ ಬರುವುದು ಆ ಕಡೆಯಿಂದ ತಾನೆ. ಎಡಗಡೆಯಿಂದ ಬರುವ ಸೈಕಲ್ಲು ಅವನ ಕಣ್ಣಿಗೇ ಬೀಳುವುದಿಲ್ಲ. ಶಾಲೆ ಗೇಟು ರಸ್ತೆಯ ಆ ಬದಿಗಿದ್ದು, ಐವತ್ತು ಮೀಟರ್ ಎದುರು ದಿಕ್ಕಿನಲ್ಲಿ ಹೋಗಿಬಿಟ್ಟರೆ ಸಾಕು ಅನ್ನಿಸುವ ಕಡೆಯೇ ಮಕ್ಕಳು ಈ ತಪ್ಪು ಮಾಡುವುದು. ಅಂಥ ಕಡೆ ಇಳಿದು ತಳ್ಳಿಕೊಂಡು ಹೋಗಲಿ.

ವೃತ್ತದಲ್ಲಿ ಬಲಕ್ಕೆ ತಿರುಗುವುದು ಸವಾರರಿಗೆ ಅತಿ ಕಷ್ಟದ ಕೆಲಸ. ಅದನ್ನು ಎರಡು ನೇರ ಓಟವಾಗಿ ಒಡೆಯಬಹುದು. ಹಸಿರು ಸಿಗ್ನಲ್ಲಿನಲ್ಲಿ ಎಡಗಡೆಯಲ್ಲೇ ನೇರವಾಗಿ ದಾಟಿ, ಆ ಬದಿಯ ಎಡಮೂಲೆಯಲ್ಲಿ ನಿಂತು, ಸೈಕಲ್ಲನ್ನು ಬಲಕ್ಕೆ ತಿರುಗಿಸಿಕೊಂಡು, ಆ ರಸ್ತೆಯ ಸಿಗ್ನಲ್ ಹಸಿರಾದಾಗ ಮತ್ತೆ ನೇರ ಹೋಗುವುದು. ಒಂದು ನಿಮಿಷ ಹೆಚ್ಚಾದೀತು, ಆದರೆ ನಡುರಸ್ತೆಯಲ್ಲಿ ಬಸ್ಸುಗಳ ಮಧ್ಯೆ ಕೈ ಚಾಚಿಕೊಂಡು ನಿಲ್ಲುವ ಪ್ರಮೇಯ ಬರುವುದಿಲ್ಲ. ಗಾಂಧಿ ವೃತ್ತ, ಅರುಣಾ ವೃತ್ತದಂಥ ಕಡೆ ದೊಡ್ಡವರೂ ಹೀಗೇ ಮಾಡುವುದು ಲೇಸು.

ಬಸ್ಸು, ಲಾರಿಯ ಎಡಬದಿ. ಇದೊಂದನ್ನು ಮಗಳಿಗೆ ಮರೆಯದಂತೆ ಹೇಳಿ. ಸಿಗ್ನಲ್ಲಿನಲ್ಲಿ ನಿಂತ ಲಾರಿಯ ಎಡಕ್ಕೆ ಜಾಗ ಇದ್ದರೂ ನುಗ್ಗಬಾರದು, ಹಿಂದೆಯೇ ನಿಲ್ಲಬೇಕು. ಕ್ಯಾಬಿನ್ ಎತ್ತರದಲ್ಲಿ ಬಲಗಡೆ ಕೂತ ಚಾಲಕನಿಗೆ ಎಡಬಾಗಿಲಿನ ಕೆಳಗಿನ ಜಾಗ, ಬಂಪರಿಗೆ ತೀರಾ ಹತ್ತಿರದ ಜಾಗ ಕಾಣುವುದಿಲ್ಲ. ಲಾರಿ ಎಡಕ್ಕೆ ತಿರುಗಿದಾಗ ಹಿಂದಿನ ಗಾಲಿಗಳು ಮುಂದಿನ ಗಾಲಿಗಳ ಜಾಡಿನಲ್ಲಿ ಹೋಗುವುದಿಲ್ಲ, ಇನ್ನೂ ಒಳಗೆ, ಮೂಲೆಗೆ ಒತ್ತಿಕೊಂಡು ಹೋಗುತ್ತವೆ. ಉದ್ದದ ಗಾಡಿಯಾದಷ್ಟೂ ಈ ಒಳಸರಿತ ಹೆಚ್ಚು. ಮೂಲೆಯಲ್ಲಿ ನಿಂತ ಸೈಕಲ್ಲಿಗೆ ಆಗ ಹಿಂದೆ ಸರಿಯಲು ಜಾಗವೇ ಇರುವುದಿಲ್ಲ. ಮಗಳಿಗೆ ಹೇಳಲು ಸುಲಭ ಸೂತ್ರ: ನಿನಗೆ ಲಾರಿಯ ಕನ್ನಡಿಯಲ್ಲಿ ಚಾಲಕನ ಮುಖ ಕಾಣದಿದ್ದರೆ, ಅವನಿಗೂ ನೀನು ಕಾಣುತ್ತಿಲ್ಲ. ನಿಲ್ದಾಣದಲ್ಲಿ ನಿಂತ ಸಿಟಿ ಬಸ್ಸಿನ ಎಡಕ್ಕೂ ನುಗ್ಗಬಾರದು, ಜನ ಇಳಿಯುವುದು ಅದೇ ಕಡೆ.

ಇನ್ನು ಕಾರಿನ ಸ್ಟಿಯರಿಂಗ್ ಹಿಡಿದ ನಿಮಗೆ. ಸೈಕಲ್ಲನ್ನು ದಾಟುವಾಗ ಒಂದೂವರೆ ಮೀಟರ್ ಜಾಗ ಬಿಡಿ. ಜರ್ಮನಿಯಲ್ಲಿ ಊರೊಳಗೆ ಇಷ್ಟು, ಊರ ಹೊರಗೆ 2 ಮೀಟರ್ ಬಿಡಬೇಕೆಂದು 2020ರಿಂದ ಕಾನೂನೇ ಇದೆ. ಇದು ಅತಿಯಾಯಿತು ಅನ್ನಿಸಬಹುದು, ಆದರೆ ಸೈಕಲ್ ನೇರ ಗೆರೆಯಲ್ಲಿ ಓಡುವುದಿಲ್ಲ. ಗುಂಡಿ ತಪ್ಪಿಸಲು, ಗಾಳಿಗೆ, ಹಿಂದೆ ತಿರುಗಿ ನೋಡುವಾಗ ಒಂದಡಿ ಅತ್ತಿತ್ತ ಹೊಯ್ದಾಡುತ್ತದೆ. ಲೆಕ್ಕ ಹಾಕಿ ನೋಡಿ: ಸೈಕಲ್ ಅಂಚಿನಿಂದ 1 ಮೀಟರ್ ಒಳಗಿದೆ, ಹ್ಯಾಂಡಲಿನ ಬಲತುದಿ 1.3 ಮೀಟರಿಗೆ ಬಂತು. ಒಂದೂವರೆ ಸೇರಿಸಿದರೆ 2.8. ನಿಮ್ಮ ಕಾರಿನ ಅಗಲ 1.7 ಸೇರಿದರೆ 4.5 ಮೀಟರ್. ಸಾಮಾನ್ಯವಾಗಿ ಒಂದು ಪಥದ ಅಗಲ ಮೂರೂವರೆ ಮೀಟರ್. ಅಂದಮೇಲೆ ಒಂದೇ ಪಥದಲ್ಲಿ ಸೈಕಲ್ಲು, ಕಾರು ಅಕ್ಕಪಕ್ಕ ಹಿಡಿಸುವುದಿಲ್ಲ. ಬಲಪಥ ಖಾಲಿ ಇದ್ದಾಗ ಮಾತ್ರ ದಾಟಬೇಕು, ಇಲ್ಲದಿದ್ದರೆ ಹಿಂದೆ ಕಾಯಬೇಕು. ಕಾಯುವುದರಿಂದ ಆಗುವ ನಷ್ಟವಾದರೂ ಎಷ್ಟು? 40ರಲ್ಲಿ ಹೋಗಬೇಕಿದ್ದ ನೂರು ಮೀಟರನ್ನು 15ರಲ್ಲಿ ಹೋದರೆ ಹೆಚ್ಚು ಹಿಡಿಯುವುದು 15 ಸೆಕೆಂಡ್. ಮುಂದಿನ ಸಿಗ್ನಲ್ಲಿನಲ್ಲಿ ಅದಕ್ಕಿಂತ ಹೆಚ್ಚು ನಿಲ್ಲುತ್ತೀರಿ.

ಹಾರ್ನ್ ವಿಷಯ ಕೇಳಿದ್ದೀರಿ. ಬೆನ್ನ ಹಿಂದೆ ಹತ್ತು ಮೀಟರಿನಲ್ಲಿ ಜೋರಾಗಿ ಹಾರ್ನ್ ಹೊಡೆದರೆ ಮಗು ಬೆಚ್ಚಿ ತಿರುಗಿ ನೋಡುತ್ತದೆ. ಬಲಕ್ಕೆ ತಿರುಗಿ ನೋಡಿದಾಗ ಹ್ಯಾಂಡಲ್ ಬಲಕ್ಕೇ ಎಳೆಯುತ್ತದೆ, ನೀವು ಹೋಗಬೇಕಿದ್ದ ಜಾಗಕ್ಕೇ ಸೈಕಲ್ ಬರುತ್ತದೆ. ಸವಾರ ಬಲಕ್ಕೆ ಸರಿಯುವ ಲಕ್ಷಣ ಕಂಡರೆ ಮೂವತ್ತು ನಲವತ್ತು ಮೀಟರ್ ದೂರದಿಂದಲೇ ಒಂದು ಸಣ್ಣ ಹಾರ್ನ್ ಸಾಕು. ಹತ್ತಿರವಾದ ಮೇಲೆ ಬ್ರೇಕೇ ಸರಿ.

ಚಾಲಕರಿಂದ ಆಗುವ ಇನ್ನೊಂದು ತಪ್ಪೆಂದರೆ ಸೈಕಲ್ಲನ್ನು ದಾಟಿದ ಕೂಡಲೇ ಅದರ ಮುಂದೆಯೇ ಎಡಕ್ಕೆ ತಿರುಗುವುದು. ನೀವು ಎಡಕ್ಕೆ ಹೋಗಬೇಕಾದ ತಿರುವು ಮೂವತ್ತು ಮೀಟರ್ ಒಳಗಿದ್ದರೆ ಓವರ್‌ಟೇಕ್ ಮಾಡಲೇಬೇಡಿ, ಸೈಕಲ್ಲಿನ ಹಿಂದೆ ನಿಧಾನಿಸಿ ತಿರುಗಿ. ಕಾರು ನಿಲ್ಲಿಸಿ ಇಳಿಯುವಾಗ ಬಲಗಡೆಯ ಬಾಗಿಲನ್ನು ಬಲಗೈಯಿಂದ ತೆರೆಯದೆ ಎಡಗೈ ಚಾಚಿ ತೆರೆಯುವುದನ್ನು ರೂಢಿಸಿಕೊಳ್ಳಿ. ಎಡಗೈ ಚಾಚಬೇಕೆಂದರೆ ಭುಜ ತಿರುಗಲೇಬೇಕು, ಆಗ ಹಿಂದೆ ಬರುವ ಸೈಕಲ್ ತಾನಾಗಿ ಕಣ್ಣಿಗೆ ಬೀಳುತ್ತದೆ. ಬ್ರಿಟನ್ನಿನ ಹೆದ್ದಾರಿ ನಿಯಮಾವಳಿಗೆ ಈ ಸಲಹೆ 2022ರಲ್ಲಿ ಸೇರಿತು. ಹಿಂದಿನ ಸೀಟಿನಲ್ಲಿ ಕೂತವರಿಗೆ ಎಡಬಾಗಿಲಿನಿಂದಲೇ ಇಳಿಯಲು ಹೇಳಿ.

ಸೈಕಲ್ಲಿನ ಆಯ್ಕೆ. ಐದಡಿ ಆಸುಪಾಸಿನ ಹುಡುಗಿಗೆ 26 ಇಂಚು ಗಾಲಿಯ, ನಡುವಿನ ಪೈಪು ತಗ್ಗಿರುವ ಸಾದಾ ಸೈಕಲ್ ಸಾಕು. ಮುಂದೆ ಸ್ಪ್ರಿಂಗು, ದಪ್ಪ ಟೈರಿನ ಭಾರದ ಸೈಕಲ್ ನೋಡಲು ಚೆಂದ, ಆದರೆ ತುಳಿಯಲು ಹೆಚ್ಚು ಶ್ರಮ. ಚೈನಿಗೆ ಪೂರ್ತಿ ಕವರ್, ಹಿಂದೆ ಕ್ಯಾರಿಯರ್, ಎರಡೂ ಕಡೆ ಮಡ್‌ಗಾರ್ಡ್ ಇರಲೇಬೇಕು. ಸೀಟಿನ ಮೇಲೆ ಕೂತಾಗ ಎರಡೂ ಕಾಲಿನ ಮುಂಗಾಲು ನೆಲಕ್ಕೆ ತಾಗಬೇಕು. ಅಭ್ಯಾಸವಾದ ಮೇಲೆ ಸೀಟು ಸ್ವಲ್ಪ ಎತ್ತರಿಸಿ, ಕೆಳಗಿನ ಪೆಡಲಿನ ಮೇಲೆ ಹಿಮ್ಮಡಿ ಇಟ್ಟಾಗ ಮಂಡಿ ನೆಟ್ಟಗಾಗುವಷ್ಟು. ‘ಬೆಳೆಯುವ ಮಗು, ದೊಡ್ಡದೇ ತಗೊಳ್ಳೋಣ’ ಎನ್ನುವ ಲೆಕ್ಕ ಬಟ್ಟೆಗೆ ಸರಿ, ಸೈಕಲ್ಲಿಗೆ ಬೇಡ. ಕಾಲು ನೆಲಕ್ಕೆ ಸಿಗದ ಸವಾರೆ ನಿಲ್ಲಬೇಕಾದಾಗ ವಾಲಿ ಬೀಳುತ್ತಾಳೆ.

ಬ್ರೇಕಿನ ಕಡ್ಡಿ ಪೂರ್ತಿ ಎಳೆದಾಗಲೂ ಹ್ಯಾಂಡಲಿಗೆ ಎರಡು ಬೆರಳು ಅಂತರ ಉಳಿಯಬೇಕು, ಅಂಟಿಕೊಂಡರೆ ವೈರ್ ಸಡಿಲವಾಗಿದೆ ಎಂದರ್ಥ. ಬ್ರೇಕ್ ರಬ್ಬರ್ ರಿಮ್ಮಿನಿಂದ 2–3 ಮಿಲಿಮೀಟರ್ ದೂರ ಇರಲಿ. ಟೈರಿಗೆ ಉಜ್ಜಬಾರದು, ಉಜ್ಜಿದರೆ ಟೈರೇ ಹರಿಯುತ್ತದೆ. ರಬ್ಬರಿನ ಗೆರೆಗಳು ಸವೆದು ನುಣುಪಾದರೆ ಬದಲಿಸಿ. ಎರಡೂ ಬ್ರೇಕ್ ಒಟ್ಟಿಗೆ ಹಿಡಿಯಲು ಕಲಿಸಿ. ನಿಲ್ಲಿಸುವ ಶಕ್ತಿ ಹೆಚ್ಚಿರುವುದು ಮುಂದಿನ ಬ್ರೇಕಿಗೆ, ಏಕೆಂದರೆ ನಿಧಾನಿಸುವಾಗ ಭಾರವೆಲ್ಲ ಮುಂದಿನ ಗಾಲಿಗೆ ಬೀಳುತ್ತದೆ. ಅದೊಂದನ್ನೇ ಗಕ್ಕನೆ ಹಿಡಿದರೆ ಹಿಂದಿನ ಗಾಲಿ ಎದ್ದು ಮುಗ್ಗರಿಸುತ್ತಾಳೆ, ಬರೀ ಹಿಂದಿನದನ್ನು ಹಿಡಿದರೆ ಗಾಲಿ ಜಾರಿಕೊಂಡು ಹೋಗುತ್ತದೆ. ಗಾಳಿ ಎಷ್ಟು ಎಂದು ಟೈರಿನ ಬದಿಯಲ್ಲೇ ಅಚ್ಚಾಗಿರುತ್ತದೆ. ಈ ಬಗೆಯ ಟೈರಿಗೆ 40ರಿಂದ 45 ಪಿ.ಎಸ್.ಐ. ಸಾಮಾನ್ಯ. ವಾರಕ್ಕೊಮ್ಮೆ ಹೊಡೆಸಿ.

ಊಟದ ಬ್ಯಾಗು, ನೀರಿನ ಬಾಟಲಿ ಹ್ಯಾಂಡಲಿಗೆ ನೇತುಹಾಕಲು ಬಿಡಲೇಬೇಡಿ. ಅದು ತೂಗಾಡಿ ಮುಂದಿನ ಗಾಲಿಯ ಕಡ್ಡಿಗಳ ನಡುವೆ ಸಿಕ್ಕರೆ ಗಾಲಿ ಅಲ್ಲೇ ಬಿಗಿದು ಸವಾರೆ ಹ್ಯಾಂಡಲ್ ಮೇಲಿಂದ ಮುಂದಕ್ಕೆ ಬೀಳುತ್ತಾಳೆ, ಯಾವ ಗಾಡಿಯೂ ತಗುಲಬೇಕಿಲ್ಲ. ಪುಸ್ತಕದ ಚೀಲ ಕ್ಯಾರಿಯರಿಗೆ, ರಬ್ಬರ್ ಬೆಲ್ಟಿನಿಂದ ಎರಡು ಸುತ್ತು ಬಿಗಿದು. ಯೂನಿಫಾರ್ಮಿನ ವೇಲು ಇದ್ದರೆ ಎರಡೂ ತುದಿ ಹಿಂದಕ್ಕೆ ತಂದು ಸೊಂಟದಲ್ಲಿ ಪಿನ್ ಹಾಕಲಿ. ಹಿಂದಿನ ಗಾಲಿಗೆ ಸಿಕ್ಕ ವೇಲು ಕುತ್ತಿಗೆಗೆ ಬಿಗಿಯುತ್ತದೆ.

ಹೆಲ್ಮೆಟ್ ಹಾಕಲಿ. ಹುಬ್ಬಿನ ಮೇಲೆ ಎರಡು ಬೆರಳು ಅಗಲಕ್ಕೆ ಕೂರಬೇಕು, ಪಟ್ಟಿ ಕಿವಿಯ ಕೆಳಗೆ ಸೇರಬೇಕು, ಗದ್ದದ ಕೆಳಗೆ ಒಂದು ಬೆರಳು ಹೋಗುವಷ್ಟು ಸಡಿಲ ಇರಬೇಕು. ಯುರೋಪಿನ ಇಎನ್ 1078 ಮಾನಕದಲ್ಲಿ ಸೈಕಲ್ ಹೆಲ್ಮೆಟ್ಟನ್ನು ಪರೀಕ್ಷಿಸುವುದು ಗಂಟೆಗೆ ಸುಮಾರು 20 ಕಿ.ಮೀ. ವೇಗದ ಹೊಡೆತಕ್ಕೆ. ತಾನಾಗಿ ಬಿದ್ದಾಗ ಅದು ತಲೆ ಉಳಿಸುತ್ತದೆ, 60ರ ಕಾರಿನ ಎದುರು ಅದನ್ನೇ ನಂಬಿಕೊಳ್ಳಲಾಗದು. ಹಾಗಾಗಿ ಹೆಲ್ಮೆಟ್ ಇದೆ ಎಂದು ವೇಗದ ರಸ್ತೆ ಆರಿಸಿಕೊಳ್ಳಬಾರದು.

ನಮ್ಮ ಭಾಗಕ್ಕೇ ಸೇರಿದ ಕೆಲವು ತೊಂದರೆಗಳಿವೆ. ಮೆಕ್ಕೆಜೋಳದ ಕೊಯ್ಲಿನ ದಿನಗಳಲ್ಲಿ, ದೀಪಾವಳಿಯ ಆಸುಪಾಸು, ಊರ ಹೊರಗಿನ ರಸ್ತೆಗಳ ಅರ್ಧ ಭಾಗ ಒಣಹಾಕಿದ ಕಾಳಿನಿಂದ ತುಂಬಿರುತ್ತದೆ, ಅಂಚಿಗೆ ಕಲ್ಲು ಬೇರೆ. ಚದುರಿದ ಕಾಳಿನ ಮೇಲೆ ಗಾಲಿ ಹೋದರೆ ಬೇರಿಂಗ್ ಗುಂಡಿನ ಮೇಲೆ ಹೋದ ಹಾಗೆಯೇ. ಅಲ್ಲಿ ಬ್ರೇಕ್ ಹಿಡಿಯದೆ, ಹ್ಯಾಂಡಲ್ ತಿರುಗಿಸದೆ ನೇರ ಹೋಗಬೇಕು. ಸಾಧ್ಯವಿದ್ದರೆ ಇಳಿಯುವುದೇ ಮೇಲು. ಎಪಿಎಂಸಿ ಕಡೆಗೆ ಲೋಡ್ ಹೊತ್ತು ಬರುವ ಟ್ರ್ಯಾಕ್ಟರ್, ಕಬ್ಬಿನ ಜೋಡಿ ಟ್ರೇಲರ್ ಇವುಗಳ ಹೇರು ಟ್ರೇಲರಿಗಿಂತ ಎರಡೂ ಕಡೆ ಹೊರಚಾಚಿರುತ್ತದೆ, ಹಿಂದಿನ ಟ್ರೇಲರ್ ಅತ್ತಿತ್ತ ತೂಗುತ್ತದೆ. ಇಂಥ ಗಾಡಿ ಹಿಂದೆ ಬರುತ್ತಿದ್ದರೆ ರಸ್ತೆಯಿಂದ ಇಳಿದು ನಿಂತು ಅದನ್ನು ಮುಂದೆ ಬಿಡಲಿ. ಟ್ರೇಲರ್ ಇಟ್ಟುಕೊಂಡವರು ಇದನ್ನು ಓದುತ್ತಿದ್ದರೆ, ಹಿಂಬದಿಗೆ 2 ಇಂಚು ಅಗಲದ ಕೆಂಪು, ಬದಿಗಳಿಗೆ ಹಳದಿ ಪ್ರತಿಫಲನ ಪಟ್ಟಿ ಅಂಟಿಸಿ. ಖರ್ಚು ತೀರಾ ಸಣ್ಣದು, ಕತ್ತಲಲ್ಲಿ ನಿಂತ ಟ್ರೇಲರಿಗೆ ಸೈಕಲ್ಲು, ಬೈಕು ಗುದ್ದುವುದು ತಪ್ಪುತ್ತದೆ.

ಜೂನ್, ಜುಲೈಯ ಪಶ್ಚಿಮದ ಗಾಳಿ ಬಯಲಿನ ರಸ್ತೆಯಲ್ಲಿ ಸೈಕಲ್ಲನ್ನು ತಳ್ಳುತ್ತದೆ. ಅದೇ ಹೊತ್ತಿಗೆ ಪಕ್ಕದಲ್ಲಿ ಲಾರಿ ದಾಟಿದರೆ ಮೊದಲು ಎಡಕ್ಕೆ ನೂಕಿ ಆಮೇಲೆ ಬಲಕ್ಕೆ ಸೆಳೆಯುತ್ತದೆ, ಹ್ಯಾಂಡಲ್ ಗಟ್ಟಿಯಾಗಿ ಹಿಡಿಯಬೇಕು. ಮೊದಲ ಮಳೆಗೆ ರಸ್ತೆಯ ಮೇಲಿನ ಎಣ್ಣೆ, ದೂಳು ಸೇರಿ ಜಾರುತ್ತದೆ. ಒದ್ದೆ ರಿಮ್ಮಿನ ಮೇಲೆ ಬ್ರೇಕ್ ಹಿಡಿದರೆ ಮೊದಲೆರಡು ಸುತ್ತಿಗೆ ನೀರು ಒರೆಸಿಕೊಳ್ಳುವುದೇ ಆಗುತ್ತದೆ, ನಿಲ್ಲಲು ಎರಡರಷ್ಟು ದೂರ ಬೇಕು. ರೈಲ್ವೆ ಗೇಟಿನಲ್ಲಿ ಹಳಿಯನ್ನು ಓರೆಯಾಗಿ ದಾಟದೆ ನೇರ ಅಡ್ಡಡ್ಡವಾಗಿ ದಾಟಬೇಕು. ಗೇಟು ತೆರೆದ ಕೂಡಲೇ ಎರಡೂ ಕಡೆಯಿಂದ ಬೈಕುಗಳು ನುಗ್ಗುತ್ತವೆ, ಆ ಮೊದಲ ಅರ್ಧ ನಿಮಿಷ ಕಾದರೆ ಸಾಕು.

ಸಂಜೆ ಟ್ಯೂಷನ್ ಮುಗಿಸಿ ಬರುವುದಿದ್ದರೆ ಹಿಂದೆ ಕೆಂಪು, ಮುಂದೆ ಬಿಳಿ ದೀಪ ಬೇಕು. ಹಿಂದಿನ ದೀಪವನ್ನು ಸೀಟಿನ ಕೆಳಗಿನ ಪೈಪಿಗೆ ಕಟ್ಟಿ, ಚೀಲ ಅದನ್ನು ಮುಚ್ಚುತ್ತಿದೆಯೇ ಎಂದು ಹತ್ತು ಹೆಜ್ಜೆ ಹಿಂದೆ ನಿಂತು ನೋಡಿ. ಬಹಳಷ್ಟು ಸೈಕಲ್ಲುಗಳಲ್ಲಿ ದೀಪ ಉರಿಯುತ್ತಿರುತ್ತದೆ, ಚೀಲದ ಹಿಂದೆ. ಪೆಡಲಿನ ಹಳದಿ ರಿಫ್ಲೆಕ್ಟರ್ ಅಥವಾ ಕಾಲಿನ ಗಿಣ್ಣಿಗೆ ಕಟ್ಟುವ ಪ್ರತಿಫಲನ ಪಟ್ಟಿ ಬಹಳ ಉಪಯುಕ್ತ. ಅದು ಮೇಲೆ ಕೆಳಗೆ ಆಡುವುದರಿಂದ, ಮುಂದಿರುವುದು ಸೈಕಲ್ ಎಂದು ಚಾಲಕನಿಗೆ ದೂರದಿಂದಲೇ ತಿಳಿಯುತ್ತದೆ.

ರಸ್ತೆಗೆ ಬಿಡುವ ಮೊದಲು ಹೈಸ್ಕೂಲ್ ಮೈದಾನದಂಥ ಬಯಲಿನಲ್ಲಿ ಪರೀಕ್ಷೆ ಮಾಡಿ. ನೆಲದ ಮೇಲೆ ಗೆರೆ ಎಳೆದು ಅದರ ಮೇಲೆ ಓಡಿಸುತ್ತ ಬಲಭುಜದ ಮೇಲಿಂದ ಹಿಂದೆ ನೋಡಲಿ, ನೀವು ತೋರಿಸಿದ ಬೆರಳು ಎಷ್ಟು ಎಂದು ಹೇಳಲಿ, ಗೆರೆಯಿಂದ ಒಂದಡಿಗಿಂತ ಹೆಚ್ಚು ಸರಿಯಬಾರದು. ಬಲಗೈ ಚಾಚಿ ಒಂದೇ ಕೈಯಲ್ಲಿ ಹತ್ತು ಮೀಟರ್ ಓಡಿಸಲಿ. ಸಾಮಾನ್ಯ ವೇಗದಿಂದ ಎರಡೂ ಬ್ರೇಕ್ ಹಿಡಿದು ಮೂರು ಮೀಟರಿನೊಳಗೆ ಜಾರದೆ ನಿಲ್ಲಲಿ. ಮೂರೂ ಸಲೀಸಾಗಿ ಬಂದರೆ ರಸ್ತೆಗೆ ಸಿದ್ಧ. ಹಿಂದೆ ನೋಡುವುದು ಬಾರದ ಸವಾರೆಯನ್ನು ಮಾತ್ರ ಗಾಡಿಗಳ ನಡುವೆ ಬಿಡಬೇಡಿ.

ಸ್ಕೂಟಿಯ ಮಾತು. ಹದಿನಾರು ತುಂಬಿದವರಿಗೆ ಕಾನೂನು ಒಪ್ಪುವುದು 50 ಸಿ.ಸಿ. ಒಳಗಿನ ಮೋಟಾರ್ ಸೈಕಲ್ ಮಾತ್ರ. ಪೇಟೆಯಲ್ಲಿ ಸಿಗುವ 110, 125 ಸಿ.ಸಿ. ಸ್ಕೂಟರಿಗೆ ಹದಿನೆಂಟು ಆಗಬೇಕು. ಅಪ್ರಾಪ್ತರು ಗಾಡಿ ಓಡಿಸಿ ಅಪರಾಧವಾದರೆ ಮೋಟಾರು ವಾಹನ ಕಾಯ್ದೆಯ 199ಎ ಕಲಮಿನಡಿ ಹೊಣೆ ಪೋಷಕರದು, ಇಲ್ಲವೇ ಗಾಡಿಯ ಮಾಲೀಕರದು: ಮೂರು ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ, ಗಾಡಿಯ ನೋಂದಣಿ ಹನ್ನೆರಡು ತಿಂಗಳು ರದ್ದು. ಆ ಮಗುವಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸ್ ಸಿಗುವುದಿಲ್ಲ. ಸೈಕಲ್ಲಿಗೆ ಲೈಸೆನ್ಸ್, ವಿಮೆ ಏನೂ ಬೇಕಿಲ್ಲ. ನಿಮ್ಮ ಯಜಮಾನರಿಗೆ ಇದನ್ನು ತೋರಿಸಿ.

ಅಪಘಾತವಾದರೆ 112 ಅಥವಾ 108ಕ್ಕೆ ಕರೆ ಮಾಡಬೇಕು, ಗಾಡಿಯ ನಂಬರ್ ಬರೆದುಕೊಳ್ಳಬೇಕು. ಗಾಯಾಳುವನ್ನು ಆಸ್ಪತ್ರೆಗೆ ಸೇರಿಸಿದ ದಾರಿಹೋಕರ ಮೇಲೆ ಮೊಕದ್ದಮೆ ಬೀಳದಂತೆ ಅದೇ ಕಾಯ್ದೆಯ 134ಎ ಕಲಮು ಕಾಯುತ್ತದೆ. ಮೋಟಾರು ಗಾಡಿಯಿಂದ ಗಾಯಗೊಂಡವರಿಗೆ ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ ಏಳು ದಿನದವರೆಗೆ ಒಂದೂವರೆ ಲಕ್ಷ ರೂಪಾಯಿಯ ನಗದುರಹಿತ ಚಿಕಿತ್ಸೆಯ ಕೇಂದ್ರ ಯೋಜನೆ 2025ರ ಮೇಯಿಂದ ಜಾರಿಯಲ್ಲಿದೆ. ಪರಿಹಾರದ ಅರ್ಜಿಯನ್ನು ಆರು ತಿಂಗಳೊಳಗೆ ಹಾಕಬೇಕು. ಗುದ್ದಿದ ಗಾಡಿ ಪತ್ತೆಯೇ ಆಗದಿದ್ದರೂ ತೀವ್ರ ಗಾಯಕ್ಕೆ 50,000, ಸಾವಿಗೆ 2 ಲಕ್ಷ ರೂಪಾಯಿ ಪರಿಹಾರವಿದೆ.

ಕೊನೆಗೆ, ನಿಮ್ಮ ಮಗಳೊಬ್ಬಳ ಎಚ್ಚರಿಕೆಯಿಂದ ಶಾಲೆ ಎದುರಿನ ವೇಗ ಇಳಿಯುವುದಿಲ್ಲ. ಅದಕ್ಕೆ ಅರ್ಜಿ ಹಾಕಬೇಕು. ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯಲ್ಲಿ ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿ ಇದೆ. ಮುಖ್ಯೋಪಾಧ್ಯಾಯರ ಸಹಿಯೊಂದಿಗೆ ಅದಕ್ಕೆ, ಒಂದು ಪ್ರತಿ ಮಹಾನಗರ ಪಾಲಿಕೆಗೆ, ಇನ್ನೊಂದು ಸಂಚಾರ ಠಾಣೆಗೆ ಕೊಡಿ. ಬರೀ ‘ಹಂಪ್ ಹಾಕಿಸಿ’ ಎಂದು ಬರೆಯಬೇಡಿ. ಬೇಕಾಬಿಟ್ಟಿ ಹಂಪ್ ಸೈಕಲ್ಲಿಗೇ ಕಂಟಕ: ಚೂಪಾಗಿದ್ದರೆ ಸವಾರರು ಅದರ ತುದಿಯಲ್ಲಿ ಚರಂಡಿ ಅಂಚಿನಿಂದ ನುಸುಳುತ್ತಾರೆ, ಅದೇ ಸಂದಿಗೆ ಬೈಕೂ ಬರುತ್ತದೆ. ಭಾರತೀಯ ರಸ್ತೆ ಕಾಂಗ್ರೆಸ್ಸಿನ ಐಆರ್‌ಸಿ 99ರ ಅಳತೆ, ಅಂದರೆ 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರದ ದುಂಡು ಹಂಪ್ ಎಂದು ನಮೂದಿಸಿ. ಅದನ್ನು ಕಾರು 25ರ ವೇಗದಲ್ಲಿ, ಸೈಕಲ್ಲು ಕುಲುಕಾಡದೆ ದಾಟಬಹುದು. ಜೊತೆಗೆ ಬಿಳಿ ಬಣ್ಣದ ಪಟ್ಟೆ, ಮುಂಚಿತ ಫಲಕ, ರಾತ್ರಿ ಬೆಳಕು ಕೇಳಿ. ಶಾಲೆಯ ಎರಡೂ ಬದಿ 30 ಕಿ.ಮೀ. ಮಿತಿಯ ಫಲಕ, ಗೇಟಿನ ಮುಂದೆ ಗಾಡಿ ನಿಲ್ಲಿಸದಂತೆ ಗುರುತು ಬೇಕೆಂದೂ ಬರೆಯಿರಿ. ಬೆಳಗ್ಗೆ ಶಾಲೆ ಹೊತ್ತಿನ ನಾಲ್ಕಾರು ಫೋಟೊ, ಎಷ್ಟು ಮಕ್ಕಳು ಸೈಕಲ್ಲಿನಲ್ಲಿ ಬರುತ್ತಾರೆ ಎಂಬ ಶಾಲೆಯ ಲೆಕ್ಕ ಲಗತ್ತಿಸಿ, ಸ್ವೀಕೃತಿ ಮುದ್ರೆ ಹಾಕಿಸಿಕೊಂಡು ಬನ್ನಿ.